ಡಿಮ್ 7 ಕಾರ್ಡ್: ಇದು ಯಾರ ಮನೆಯ ನಿಷಾದ?

ಕೀಬೋರ್ಡ್, ಗಿಟಾರ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಮೇಜರ್, ಮೈನರ್, ಸೆವೆಂತ್ ಎಲ್ಲ ಕೈಗೆ ಬಂತು. ಆದರೆ ಹಾಡಿನ ಕಾರ್ಡ್ ಶೀಟಿನಲ್ಲಿ ನಡುನಡುವೆ 'ಡಿಮ್ 7' ಅಂತ ಒಂದು ಇರುತ್ತೆ. ಹಿಡಿದರೆ ಅಪಸ್ವರದ ಹಾಗೆ ಕೇಳುತ್ತೆ, ಬಿಟ್ಟರೆ ಸಪ್ಪೆ ಅನ್ನಿಸುತ್ತೆ. ಏನು ಮಾಡಲಿ?" ಬಹಳ ಜನ ಅದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಇನ್ನು ಕೆಲವರು ಹನ್ನೆರಡು ಡಿಮ್ 7 ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು ಉರು ಹೊಡೆಯುತ್ತಾರೆ. ಎರಡೂ ಬೇಡ. ಹಿಡಿಯಬೇಕಾದ ಕಾರ್ಡ್ ಮೂರೇ ಮೂರು. ಅದು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಕರ್ನಾಟಕ ಸಂಗೀತದ ಸ್ವರಸ್ಥಾನ ಗೊತ್ತಿರುವವರಿಗೆ ಅರ್ಧ ಗೊತ್ತೇ ಇರುತ್ತದೆ.

ಬೇಕಾಗುವುದು ಇಷ್ಟು: ಒಂದು ಕೀಬೋರ್ಡ್ (ಹಾರ್ಮೋನಿಯಂ ಆದರೂ ನಡೆಯುತ್ತದೆ, ಗಿಟಾರಿನವರಿಗೆ 7ನೇ ಹಂತವಿದೆ), ಮೇಜರ್-ಮೈನರ್ ಹಿಡಿಯುವ ಅಭ್ಯಾಸ, ಮತ್ತು ಅರ್ಧ ಗಂಟೆ.

ಕೆಲವು ಮಾತುಗಳ ಅರ್ಥ ಮೊದಲೇ ಹೇಳಿಬಿಡುತ್ತೇನೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ರೂಟ್ ಎಂದರೆ ಆ ಗೊಂಚಲಿಗೆ ಹೆಸರು ಕೊಡುವ ಮೂಲ ಸ್ವರ. ಅರ್ಧ ಸ್ವರ ಎಂದರೆ ಒಂದು ಕೀ ಇಂದ ಅದರ ಪಕ್ಕದ ಕೀ ಗೆ ಇರುವ ದೂರ. ಶಾರ್ಪ್ ಎಂದರೆ ಅರ್ಧ ಸ್ವರ ಮೇಲೆ, ಫ್ಲ್ಯಾಟ್ ಎಂದರೆ ಅರ್ಧ ಸ್ವರ ಕೆಳಗೆ. ಷಡ್ಜ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ ಎಂದರೆ ಸರಿಗಮದ ಸ, ಗ, ಮ, ಪ, ದ, ನಿ. ರೆಸಲ್ಯೂಷನ್ ಎಂದರೆ ತಳಮಳದ ಕಾರ್ಡಿನಿಂದ ನೆಮ್ಮದಿಯ ಕಾರ್ಡಿಗೆ ಬಂದು ಸೇರುವುದು. ಈ ಲೇಖನದಲ್ಲಿ 'ಮನೆ' ಅಂದರೆ ಕೀಬೋರ್ಡಿನ ಒಂದು ಕೀ. ಬಿಳಿ ಒಂದು ಮನೆ, ಕಪ್ಪು ಒಂದು ಮನೆ, ಯಾವುದನ್ನೂ ಬಿಡದೆ ಎಣಿಸಬೇಕು.

ಹಂತ 1: ಮೂರು ಮೂರು ಮನೆ ಎಣಿಸಿ

ಸಿ ಮೇಲೆ ಬೆರಳಿಡಿ. ಅಲ್ಲಿಂದ ಮೂರು ಮನೆ ಮುಂದೆ ಹೋಗಿ: ಸಿ ಶಾರ್ಪ್, ಡಿ, ಇ ಫ್ಲ್ಯಾಟ್. ಸಿಕ್ಕಿದ್ದು ಇ ಫ್ಲ್ಯಾಟ್. ಮತ್ತೆ ಮೂರು ಹೋದರೆ ಎಫ್ ಶಾರ್ಪ್. ಮತ್ತೆ ಮೂರು, ಎ. ನಾಲ್ಕನ್ನೂ ಒಟ್ಟಿಗೆ ಒತ್ತಿ. ಇದೇ ಸಿ ಡಿಮಿನಿಶ್ಡ್ ಸೆವೆಂತ್, ಚುಟುಕಾಗಿ ಸಿ ಡಿಮ್ 7.

ಎಡವುವುದು ಇಲ್ಲೇ. ನಿಂತಿರುವ ಮನೆಯನ್ನೇ 'ಒಂದು' ಎಂದು ಎಣಿಸಿದರೆ ಲೆಕ್ಕ ತಪ್ಪಿ ಎರಡೇ ಮನೆ ದಾಟಿರುತ್ತೀರಿ. ಚೌಕಾಬಾರದಲ್ಲಿ ಕಾಯಿ ನಡೆಸುವಾಗ ಕೂತ ಮನೆಯನ್ನು ಎಣಿಸುತ್ತೇವೆಯೇ? ಇಲ್ಲೂ ಅದೇ ನಿಯಮ.

ಡಿಮಿನಿಶ್ಡ್ ಎಂದರೆ ಕುಗ್ಗಿದ್ದು. ಮಾಮೂಲಿ ಸಿ ಸೆವೆಂತ್ ಕಾರ್ಡಿನ ಏಳನೇ ಸ್ವರ ಬಿ ಫ್ಲ್ಯಾಟ್. ಅದನ್ನು ಇನ್ನೂ ಅರ್ಧ ಸ್ವರ ಕುಗ್ಗಿಸಿದರೆ ಬೆರಳು ಎ ಮನೆಗೆ ಬರುತ್ತದೆ. ಪುಸ್ತಕಗಳಲ್ಲಿ ಇದನ್ನು ಎ ಎಂದು ಬರೆಯದೆ ಬಿ ಡಬಲ್ ಫ್ಲ್ಯಾಟ್ ಎಂದು ಬರೆದಿರುತ್ತಾರೆ. ಇದೇನು ತಮಾಷೆ ಎಂದುಕೊಳ್ಳಬೇಡಿ, ನಮ್ಮಲ್ಲೂ ಇದಿದೆ. ಹನ್ನೆರಡು ಸ್ವರಸ್ಥಾನಕ್ಕೆ ನಾವು ಹದಿನಾರು ಹೆಸರು ಇಟ್ಟುಕೊಂಡಿಲ್ಲವೇ? ಚತುಶ್ರುತಿ ಧೈವತದ ಜಾಗದಲ್ಲೇ ನಿಂತ ಸ್ವರ ಕನಕಾಂಗಿ ರಾಗದಲ್ಲಿ ಶುದ್ಧ ನಿಷಾದ ಅನ್ನಿಸಿಕೊಳ್ಳುತ್ತದೆ. ಸಿ ಯನ್ನು ಷಡ್ಜ ಮಾಡಿಕೊಂಡರೆ ಬಿ ಡಬಲ್ ಫ್ಲ್ಯಾಟ್ ಎಂದರೆ ಆ ಶುದ್ಧ ನಿಷಾದವೇ. ಮನೆ ಒಂದೇ, ಹೆಸರು ಎರಡು. ಈ ಮಾತನ್ನು ನೆನಪಿನಲ್ಲಿಡಿ, 6ನೇ ಹಂತ ಪೂರ್ತಿ ನಿಂತಿರುವುದು ಇದರ ಮೇಲೆ.

ಹಂತ 2: ಹನ್ನೆರಡಲ್ಲ, ಮೂರು

ಎ ಇಂದ ಇನ್ನೂ ಮೂರು ಮನೆ ಹೋಗಿ ನೋಡಿ. ಸಿ ಗೇ ಬಂದಿರಿ. ಹನ್ನೆರಡು ಮನೆಯ ವೃತ್ತವನ್ನು ನಾಲ್ಕು ಸಮಪಾಲು ಮಾಡಿದ ಹಾಗಾಯಿತು. ಹಾಗಾಗಿ ಇ ಫ್ಲ್ಯಾಟ್ ಇಂದ ಶುರು ಮಾಡಿದರೂ, ಎಫ್ ಶಾರ್ಪ್ ಇಂದ ಶುರು ಮಾಡಿದರೂ, ಎ ಇಂದ ಶುರು ಮಾಡಿದರೂ ಒತ್ತುವುದು ಅವೇ ನಾಲ್ಕು ಮನೆ. ಒಂದು ಗುಂಪಿಗೆ ನಾಲ್ಕು ಹೆಸರಾದರೆ ಹನ್ನೆರಡು ಹೆಸರಿಗೆ ಮೂರೇ ಗುಂಪು:

ಮೊದಲ ಗುಂಪು: ಸಿ, ಇ ಫ್ಲ್ಯಾಟ್, ಎಫ್ ಶಾರ್ಪ್, ಎ
ಎರಡನೇ ಗುಂಪು: ಸಿ ಶಾರ್ಪ್, ಇ, ಜಿ, ಬಿ ಫ್ಲ್ಯಾಟ್
ಮೂರನೇ ಗುಂಪು: ಡಿ, ಎಫ್, ಜಿ ಶಾರ್ಪ್, ಬಿ

ಶೀಟಿನಲ್ಲಿ 'ಜಿ ಡಿಮ್ 7' ಎಂದು ಕಂಡರೆ ಜಿ ಯಾವ ಗುಂಪಿನಲ್ಲಿದೆ ನೋಡಿ, ಆ ಗುಂಪನ್ನು ಕೈಗೆ ಹತ್ತಿರವಾದ ಯಾವ ಜೋಡಣೆಯಲ್ಲಾದರೂ ಹಿಡಿಯಿರಿ, ಎಡಗೈಯಲ್ಲಿ ಜಿ ಒತ್ತಿ. ಮುಗಿಯಿತು. ಗೋಡೆಯ ಮೇಲಿನ ಚಿತ್ರಗಳನ್ನು ಈಗ ತೆಗೆಯಬಹುದು.

ತಾಳದ ಜೊತೆ ತಾನೇ ಪಕ್ಕವಾದ್ಯ ನುಡಿಸುವ ಕೀಬೋರ್ಡುಗಳವರಿಗೆ ಒಂದು ಎಚ್ಚರಿಕೆ. ನಾಲ್ಕೂ ಸ್ವರಗಳ ನಡುವೆ ಅಂತರ ಒಂದೇ ಇರುವುದರಿಂದ ರೂಟ್ ಯಾವುದೆಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ. ಸಾಮಾನ್ಯವಾಗಿ ಅತ್ಯಂತ ಎಡಗಡೆಯ ಸ್ವರವನ್ನೇ ಅದು ರೂಟ್ ಎಂದುಕೊಂಡು ಬೇಸ್ (ತಳದ ಸ್ವರ) ಬಾರಿಸುತ್ತದೆ. ಆದ್ದರಿಂದ ಅಂಥ ಕೀಬೋರ್ಡಿನಲ್ಲಿ ಮಾತ್ರ ಶೀಟಿನಲ್ಲಿರುವ ಹೆಸರಿನ ಸ್ವರವೇ ಎಡತುದಿಯಲ್ಲಿರಲಿ.

ಹಂತ 3: ಕೀರವಾಣಿಯಲ್ಲಿ ಹುಡುಕಿ

ಈ ಹಂತದಲ್ಲಿ ಅವಸರ ಬೇಡ. ಉಳಿದದ್ದೆಲ್ಲ ಮರೆತರೂ ಇದೊಂದು ಉಳಿದರೆ ಸಾಕು.

ಎ ಯನ್ನು ಷಡ್ಜ ಮಾಡಿಕೊಂಡು ಕೀರವಾಣಿ ರಾಗ ನುಡಿಸಿ: ಎ, ಬಿ, ಸಿ, ಡಿ, ಇ, ಎಫ್, ಜಿ ಶಾರ್ಪ್, ಎ. ಪಾಶ್ಚಾತ್ಯರು ಹಾರ್ಮೋನಿಕ್ ಮೈನರ್ ಅನ್ನುವ ಶ್ರೇಣಿ ಇದೇ. ಈಗ ನಿಷಾದದಿಂದ ಶುರು ಮಾಡಿ ಒಂದು ಬಿಟ್ಟು ಒಂದು ಸ್ವರ ತೆಗೆದುಕೊಳ್ಳಿ: ನಿ, ರಿ, ಮ, ದ. ಅಂದರೆ ಜಿ ಶಾರ್ಪ್, ಬಿ, ಡಿ, ಎಫ್. ಮೂರನೇ ಗುಂಪು! ಡಿಮ್ 7 ಹುಟ್ಟುವುದು ಹೀಗೆ. ಮೈನರ್ ಶ್ರೇಣಿಯ ನಿ-ರಿ-ಮ-ದ ಒಟ್ಟಿಗೆ ನುಡಿದರೆ ಡಿಮ್ 7.

ಉಳಿದ ಮೂರು ಸ್ವರ ಯಾವುವು? ಸ, ಗ, ಪ. ಅದು ಎ ಮೈನರ್ ಕಾರ್ಡ್, ಆ ಶ್ರೇಣಿಯ ವಿಶ್ರಾಂತಿಯ ತಾಣ. ಸಪ್ತಸ್ವರ ಎರಡು ಪಂಗಡವಾಗಿ ಒಡೆದಿದೆ ನೋಡಿ: ಸ-ಗ-ಪ ಕೂತವರು, ನಿ-ರಿ-ಮ-ದ ನಿಂತು ಕಾಯುತ್ತಿರುವವರು. ನಿಂತಿರುವ ಒಬ್ಬೊಬ್ಬರ ಪಕ್ಕದಲ್ಲೂ ಕೂರಲು ಜಾಗವಿದೆ. ನಿ ಗೆ ಸ, ದ ಗೆ ಪ, ಮ ಗೆ ಗ, ರಿ ಗೆ ಸ ಅಥವಾ ಗ. ಡಿಮ್ 7 ಅಪಸ್ವರವಾಗಿ ಕೇಳುವುದು ಅದು ತಪ್ಪಾಗಿರುವುದರಿಂದ ಅಲ್ಲ, ನಾಲ್ಕೂ ಸ್ವರ ನಿಂತಿರುವುದರಿಂದ.

ಈಗ ಮೇಜರ್ ಕಡೆ ಬನ್ನಿ. ಶಂಕರಾಭರಣದಲ್ಲಿ ಇದೇ ನಿ-ರಿ-ಮ-ದ ತೆಗೆದರೆ ಧೈವತ ಚತುಶ್ರುತಿ. ಸಿ ಷಡ್ಜವಾದರೆ ಬಿ, ಡಿ, ಎಫ್, ಎ. ಕೊನೆಯ ಅಂತರ ಮೂರಲ್ಲ, ನಾಲ್ಕು ಮನೆ. ಇದು ಡಿಮ್ 7 ಅಲ್ಲ, ಹಾಫ್ ಡಿಮಿನಿಶ್ಡ್, ಅಂದರೆ ಅರ್ಧವೇ ಕುಗ್ಗಿದ್ದು. ಧೈವತವನ್ನು ಒಂದು ಮನೆ ಕೆಳಗೆ, ಶುದ್ಧಕ್ಕೆ ಇಳಿಸಿ, ರಾಗ ಸರಸಾಂಗಿಯಾಯಿತು, ಕಾರ್ಡ್ ಪೂರ್ತಿ ಡಿಮ್ 7 ಆಯಿತು. ಶೀಟಿನಲ್ಲಿ ಬರೀ ಚಿಕ್ಕ ಸೊನ್ನೆಯ ಪಕ್ಕ 7 ಇದ್ದರೆ ಪೂರ್ತಿ ಡಿಮ್ 7. ಸೊನ್ನೆಯ ಮೇಲೆ ಓರೆಗೆರೆ ಎಳೆದಿದ್ದರೆ, ಅಥವಾ 'ಮೈನರ್ 7 ಫ್ಲ್ಯಾಟ್ 5' ಎಂದಿದ್ದರೆ, ಅದು ಹಾಫ್. ನಕಲು ತೆಗೆದೂ ತೆಗೆದೂ ಮಸುಕಾದ ಶೀಟಿನಲ್ಲಿ ಆ ಓರೆಗೆರೆ ಅಳಿಸಿಹೋಗಿರುತ್ತದೆ. ಅನುಮಾನ ಬಂದರೆ ಹಾಡಿನ ಧೈವತ ಯಾವುದು ಎಂದು ಕೇಳಿ ನೋಡಿ, ಗೊತ್ತಾಗುತ್ತದೆ.

ಹಂತ 4: ಬೆರಳುಗಳನ್ನು ಮನೆ ಸೇರಿಸಿ

ಬಲಗೈಯಲ್ಲಿ ಕೆಳಗಿನಿಂದ ಮೇಲಕ್ಕೆ ಬಿ, ಡಿ, ಎಫ್, ಜಿ ಶಾರ್ಪ್ ಹಿಡಿಯಿರಿ. ಎರಡು ಎಣಿಕೆ ಕಾಯಿರಿ. ಈಗ ಬಿ ಎರಡು ಮನೆ ಇಳಿದು ಎ ಗೆ, ಡಿ ಎರಡು ಮನೆ ಇಳಿದು ಸಿ ಗೆ, ಎಫ್ ಒಂದು ಮನೆ ಇಳಿದು ಇ ಗೆ, ಜಿ ಶಾರ್ಪ್ ಒಂದು ಮನೆ ಏರಿ ಎ ಗೆ. ಕೈ ಎತ್ತಬೇಡಿ, ಬೆರಳುಗಳು ಜರುಗಿದರೆ ಸಾಕು. ಎ ಮೈನರ್ ಬಂತು. ಎ ಮೇಜರ್ ಬೇಕಿದ್ದರೆ ಡಿ ಎರಡರ ಬದಲು ಒಂದೇ ಮನೆ ಇಳಿದು ಸಿ ಶಾರ್ಪ್ ನಲ್ಲಿ ನಿಲ್ಲಲಿ.

ಇದನ್ನು ನಿಧಾನವಾಗಿ ಹತ್ತು ಸಲ ಮಾಡಿ, ಒಂದು ಸಲ ಮೇಲಿನ ಬೆರಳನ್ನು ಮಾತ್ರ ಕೇಳಿಸಿಕೊಳ್ಳುತ್ತಾ, ಇನ್ನೊಂದು ಸಲ ಎಫ್ ನಿಂದ ಇ ಗೆ ಇಳಿಯುವುದನ್ನು ಮಾತ್ರ ಕೇಳಿಸಿಕೊಳ್ಳುತ್ತಾ. ಆ ಎಫ್-ಇ, ಶುದ್ಧ ಧೈವತದಿಂದ ಪಂಚಮಕ್ಕೆ ಇಳಿಯುವ ಅರ್ಧ ಸ್ವರ, ಈ ಕಾರ್ಡಿನ ಜೀವ. ನಿಷಾದ ಏರುವುದು ಎಲ್ಲರಿಗೂ ಕೇಳುತ್ತದೆ. ಧೈವತ ಇಳಿಯುವುದನ್ನು ಕೇಳಿಸಿಕೊಂಡವರ ಕೈ ಮಾತ್ರ ಬೇರೆಯೇ ಥರ ನುಡಿಯುತ್ತದೆ.

ಇ ಸೆವೆಂತ್ ನಿಮಗೆ ಗೊತ್ತಿದೆಯಲ್ಲ: ಇ, ಜಿ ಶಾರ್ಪ್, ಬಿ, ಡಿ. ಅದರ ಇ ಯನ್ನು ಅರ್ಧ ಸ್ವರ ಏರಿಸಿ ಎಫ್ ಮಾಡಿ. ಮತ್ತೆ ಮೂರನೇ ಗುಂಪೇ. ಹಾಗಾಗಿ ಇ ಸೆವೆಂತ್ ಇಂದ ಎ ಮೈನರ್ ಗೆ ಹೋಗುವ ಕಡೆಯಲ್ಲೆಲ್ಲ ಜಿ ಶಾರ್ಪ್ ಡಿಮ್ 7 ಹಾಕಿ ನೋಡಬಹುದು. ಕೆಲಸ ಒಂದೇ, ಖಾರ ಸ್ವಲ್ಪ ಜಾಸ್ತಿ.

ಹಂತ 5: ಎಲ್ಲಿ ಇಡಬೇಕು

ಅತಿ ಹೆಚ್ಚು ಬಳಕೆಯ ಜಾಗ ಎರಡು ಕಾರ್ಡುಗಳ ನಡುವಿನ ಮೆಟ್ಟಿಲು. ಸಿ ಮೇಜರ್ ಶ್ರೇಣಿಯ ಹಾಡಿನಲ್ಲಿ ಸಿ ಇಂದ ಡಿ ಮೈನರ್ ಗೆ ಹೋಗಬೇಕು ಎನ್ನಿ. ನಡುವೆ ಕಪ್ಪು ಮನೆ ಸಿ ಶಾರ್ಪ್ ಖಾಲಿ ಇದೆ. ಅಲ್ಲಿ ಸಿ ಶಾರ್ಪ್ ಡಿಮ್ 7 ಇಡಿ. ಸಿ ಶಾರ್ಪ್ ಎಂದರೆ ಡಿ ಯ ನಿಷಾದ, ಅದು ತಾನಾಗಿ ಡಿ ಕಡೆಗೆ ತಳ್ಳುತ್ತದೆ. ಡಿ ಮೈನರ್ ಇಂದ ಇ ಮೈನರ್ ಗೆ ಹೋಗುವಾಗ ಡಿ ಶಾರ್ಪ್ (ಇ ಫ್ಲ್ಯಾಟ್ ಇರುವ ಮನೆಯೇ) ಡಿಮ್ 7. ಜಿ ಇಂದ ಎ ಮೈನರ್ ಗೆ ಜಿ ಶಾರ್ಪ್ ಡಿಮ್ 7. ಎಫ್ ಇಂದ ಎಫ್ ಶಾರ್ಪ್ ಡಿಮ್ 7 ಮೂಲಕ ಸಿ ಮೇಜರ್ ಗೆ ಹೋಗುವುದೂ ಉಂಟು, ಆದರೆ ಆಗ ತಳದಲ್ಲಿ ಎಡಗೈ ಜಿ ಒತ್ತಬೇಕು. ಎಫ್ ಶಾರ್ಪ್ ಕಾಯುತ್ತಿರುವುದು ಜಿ ಯನ್ನೇ ತಾನೇ.

ಇಡಿಯಾಗಿ ನುಡಿಸಿ ನೋಡಲು ಒಂದು ಸಾಲು. ಗಡಿಯಾರದ ಸೆಕೆಂಡಿಗೆ ಒಂದು ಎಣಿಕೆ ಇಟ್ಟುಕೊಳ್ಳಿ. ಮಾಮೂಲಿ ಕಾರ್ಡಿಗೆ ನಾಲ್ಕು ಎಣಿಕೆ, ಡಿಮ್ 7ಕ್ಕೆ ಎರಡೇ:

ಸಿ, ಸಿ ಶಾರ್ಪ್ ಡಿಮ್ 7, ಡಿ ಮೈನರ್, ಡಿ ಶಾರ್ಪ್ ಡಿಮ್ 7, ಇ ಮೈನರ್, ಎಫ್, ಎಫ್ ಶಾರ್ಪ್ ಡಿಮ್ 7, ತಳದಲ್ಲಿ ಜಿ ಇಟ್ಟ ಸಿ, ಜಿ ಸೆವೆಂತ್, ಸಿ.

ಜಿ ತನಕ ಎಡಗೈ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಮನೆ ಏರುತ್ತದೆ, ಗಮನಿಸಿ.

ಇಳಿಯುವಾಗಲೂ ಹೀಗೆಯೇ ಬಳಸಬಹುದು: ಇ ಮೈನರ್, ಇ ಫ್ಲ್ಯಾಟ್ ಡಿಮ್ 7, ಡಿ ಮೈನರ್ 7. ಇಲ್ಲಿ ನಿಷಾದದ ತಳ್ಳುವಿಕೆ ಇಲ್ಲ, ತಳದ ಸ್ವರ ಜಾರಿಕೊಂಡು ಇಳಿಯುವ ಸುಖ ಅಷ್ಟೆ. ಇನ್ನೊಂದು ಬಗೆ, ನಿಂತಲ್ಲೇ ಅಲುಗಾಡುವುದು: ಸಿ, ಸಿ ಡಿಮ್ 7, ಮತ್ತೆ ಸಿ. ಸಿ ಬೆರಳು ಕದಲುವುದಿಲ್ಲ, ಸುತ್ತಲಿನವು ಮಾತ್ರ ಒಮ್ಮೆ ಕದಲಿ ವಾಪಸ್ ಬರುತ್ತವೆ. ಹಾಡು ಶುರುವಾಗುವ ಮುಂಚಿನ ಖಾಲಿ ಜಾಗಕ್ಕೆ ಚೆನ್ನ.

ಒಂದೇ ಕಾರ್ಡಿನ ಮೇಲೆ ಕೂತುಬಿಡಬೇಡಿ. ಭಾವಗೀತೆಯ ಒಂದು ಕಾರ್ಯಕ್ರಮದಲ್ಲಿ ಹೊಸದಾಗಿ ಕಲಿತ ಹುರುಪಿನಲ್ಲಿ ಡಿಮ್ 7 ಅನ್ನು ಎಂಟು ಎಣಿಕೆ ಹಿಡಿದಿಟ್ಟೆ. ಹಾಡುತ್ತಿದ್ದವರು ತಿರುಗಿ ನೋಡಿದ ನೋಟ ಇನ್ನೂ ನೆನಪಿದೆ. ಡಿಮ್ 7 ಮೆಟ್ಟಿಲು, ಜಗಲಿಯಲ್ಲ. ಬೇಕೆಂದೇ ಕೂರುವವರೂ ಇದ್ದಾರೆ, ಆದರೆ ಅವರಿಗೆ ಹೆದರಿಸುವುದೇ ಉದ್ದೇಶ. 1821ರಲ್ಲಿ ಬರ್ಲಿನ್‌ನಲ್ಲಿ ಮೊದಲು ಆಡಿದ ವೇಬರ್‌ನ 'ಡೆರ್ ಫ್ರೈಶುಟ್ಸ್' ಗೀತನಾಟಕದಲ್ಲಿ ಸಾಮಿಯೆಲ್ ಎಂಬ ದುಷ್ಟಶಕ್ತಿ ಬಂದಾಗಲೆಲ್ಲ ಕೇಳುವುದು ನಮ್ಮ ಮೊದಲ ಗುಂಪೇ. ಮೂಕಿ ಚಿತ್ರಗಳ ಕಾಲದ ಪಿಯಾನೊದವರೂ ಖಳನಾಯಕನಿಗೆ ಇದನ್ನೇ ಬಾರಿಸಿ ಬಾರಿಸಿ ಸವೆಸಿದರು. ಪ್ರೇಮಗೀತೆಗೆ ನುಡಿಸುವಾಗ ಇದು ನೆನಪಿರಲಿ.

ಹಂತ 6: ಇದೇ ಕೀಲಿಯಿಂದ ಬೇರೆ ಬಾಗಿಲು

ಮೂರನೇ ಗುಂಪು ಎ ಗೆ ಹೋಗುತ್ತದೆ, ಏಕೆಂದರೆ ಜಿ ಶಾರ್ಪ್ ಎ ಯ ನಿಷಾದ. ಆದರೆ ಅಂತರವೆಲ್ಲ ಸಮವಾಗಿರುವಾಗ ಜಿ ಶಾರ್ಪ್ ಒಂದನ್ನೇ ನಿಷಾದ ಎಂದವರು ಯಾರು? ಬಿ ಯನ್ನು ನಿಷಾದ ಎಂದುಕೊಳ್ಳಿ, ಷಡ್ಜ ಸಿ ಆಗುತ್ತದೆ. ಡಿ ಎಂದುಕೊಳ್ಳಿ, ಇ ಫ್ಲ್ಯಾಟ್. ಎಫ್ ಎಂದುಕೊಂಡರೆ ಎಫ್ ಶಾರ್ಪ್. ಒಂದು ಕಾರ್ಡಿನಿಂದ ನಾಲ್ಕು ಊರಿಗೆ ದಾರಿ, ಒಂದೊಂದು ಊರಲ್ಲೂ ಮೈನರ್, ಮೇಜರ್ ಎರಡು ಕಾರ್ಡ್. ಮೂರನೇ ಗುಂಪು ಸೇರುವುದು ಮೊದಲ ಗುಂಪಿನ ಸ್ವರಗಳನ್ನು, ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು.

ಗ್ರಹಭೇದ ಗೊತ್ತಿದ್ದವರು ಇಷ್ಟು ಹೊತ್ತಿಗೆ ತಲೆದೂಗಿರುತ್ತಾರೆ. ಸ್ವರ ಬದಲಾಗಲಿಲ್ಲ, ಷಡ್ಜ ಬದಲಾಯಿತು.

ಇದನ್ನು ಕಿವಿಯಾರೆ ಕೇಳಬೇಕಾದರೆ 1799ರಲ್ಲಿ ಅಚ್ಚಾದ ಬೀಥೋವನ್‌ನ 'ಪಥೆಟೀಕ್' ಪಿಯಾನೊ ಸೊನಾಟಾದ ಮೊದಲ ಭಾಗ ಹಾಕಿಕೊಳ್ಳಿ. ಆರಂಭದ ಗಂಭೀರ ನಡೆ ಭಾಗದ ನಡುವೆ ಜಿ ಮೈನರ್‌ನಲ್ಲಿ ಮರಳಿ ಬರುತ್ತದೆ. ಅಲ್ಲಿ ಎಫ್ ಶಾರ್ಪ್, ಎ, ಸಿ, ಇ ಫ್ಲ್ಯಾಟ್ ಸೇರಿದ ಡಿಮ್ 7. ಜಿ ಗೆ ಇವು ಕ್ರಮವಾಗಿ ನಿ, ರಿ, ಮ, ದ. ಮುಂದೆ ಅದೇ ಗುಂಪಿನಲ್ಲಿ ಇ ಫ್ಲ್ಯಾಟ್ ಅನ್ನು ಬೀಥೋವನ್ ಡಿ ಶಾರ್ಪ್ ಎಂದು ಬರೆಯುತ್ತಾನೆ. ಪಿಯಾನೊದಲ್ಲಿ ಅದೇ ಕಪ್ಪು ಮನೆ. ಜಿ ಯ ಧೈವತವಾಗಿದ್ದ ಸ್ವರ ಕಣ್ಣು ಮಿಟುಕಿಸುವುದರೊಳಗೆ ಇ ಯ ನಿಷಾದವಾಯಿತು, ಸಂಗೀತ ಇ ಮೈನರ್‌ಗೆ ಹಾರಿತು. 1ನೇ ಹಂತದ 'ಮನೆ ಒಂದೇ, ಹೆಸರು ಎರಡು' ಬರೀ ಬರವಣಿಗೆಯ ಮಡಿವಂತಿಕೆ ಅಲ್ಲ ಎಂದದ್ದು ಇದಕ್ಕೇ.

ನೀವು ಮಾಡಬೇಕಾದದ್ದು: ಡಿಮ್ 7 ಹಿಡಿದು ಯಾವುದಾದರೂ ಒಂದೇ ಬೆರಳನ್ನು ಅರ್ಧ ಸ್ವರ ಇಳಿಸಿ. ಇಳಿದ ಸ್ವರ ರೂಟ್ ಆಗಿ ಮಾಮೂಲಿ ಸೆವೆಂತ್ ಕಾರ್ಡ್ ಸಿಗುತ್ತದೆ. ಮೂರನೇ ಗುಂಪಿನಲ್ಲಿ ಜಿ ಶಾರ್ಪ್ ಅನ್ನು ಜಿ ಗೆ ಇಳಿಸಿದರೆ ಜಿ ಸೆವೆಂತ್, ಅಲ್ಲಿಂದ ಸಿ. ಬಿ ಯನ್ನು ಇಳಿಸಿದರೆ ಬಿ ಫ್ಲ್ಯಾಟ್ ಸೆವೆಂತ್, ಅಲ್ಲಿಂದ ಇ ಫ್ಲ್ಯಾಟ್. ಕೊನೆಯ ಚರಣವನ್ನು ಬೇರೆ ಶ್ರುತಿಗೆ ಏರಿಸಬೇಕಾದಾಗ ಈ ಒಂದು ಬೆರಳಿನ ಕೆಲಸ ಸಾಕು. ಹಾಡುವವರಿಗೆ ಮೊದಲೇ ಹೇಳಿರಿ, ಇಲ್ಲವಾದರೆ ಅವರೊಂದು ಊರು, ನೀವೊಂದು ಊರು.

ಹಂತ 7: ಗಿಟಾರಿನವರಿಗೆ

ತೆಳ್ಳಗಿನ ನಾಲ್ಕು ತಂತಿ ಸಾಕು, ದಪ್ಪ ತಂತಿ ಎರಡನ್ನು ಮುಟ್ಟಬೇಡಿ. ನಾಲ್ಕನೇ ತಂತಿ 1ನೇ ಫ್ರೆಟ್, ಮೂರನೆಯದು 2, ಎರಡನೆಯದು 1, ಒಂದನೆಯದು 2. ಇದು ಮೊದಲ ಗುಂಪು. ಇದೇ ಆಕಾರವನ್ನು ಒಂದು ಫ್ರೆಟ್ ಸರಿಸಿದರೆ ಎರಡನೇ ಗುಂಪು, ಇನ್ನೊಂದು ಸರಿಸಿದರೆ ಮೂರನೆಯದು. ಮತ್ತೊಂದು ಸರಿಸಿದರೆ ಮೊದಲ ಗುಂಪೇ ತಿರುಗಿ ಬರುತ್ತದೆ, ಸ್ವರಗಳ ಜಾಗ ಅದಲುಬದಲಾಗಿರುತ್ತದೆ ಅಷ್ಟೆ. ಅಂದರೆ 1, 4, 7, 10ನೇ ಫ್ರೆಟ್‌ಗಳಲ್ಲಿ ಒಂದೇ ಕಾರ್ಡ್. ತಳದಲ್ಲಿ ಸಿ ಬೇಕಿದ್ದರೆ ಐದನೇ ತಂತಿ 3, ನಾಲ್ಕನೆಯದು 4, ಮೂರನೆಯದು 2, ಎರಡನೆಯದು 4, ತುದಿಯ ಎರಡೂ ತಂತಿ ಮೌನ.

ಬಳಸಬಾರದ ಜಾಗ

ರಾಗಾಧಾರಿತ ಹಾಡಿಗೆ ನುಡಿಸುವವರು ಮುಖ್ಯವಾಗಿ ಕೇಳುವುದು ಇದನ್ನು. ಹೇಮವತಿಯಲ್ಲಿ ಷಡ್ಜ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಚತುಶ್ರುತಿ ಧೈವತ ನಾಲ್ಕೂ ಇವೆ, ಲೆಕ್ಕ ಹಾಕಿದರೆ ಸರಿಯಾಗಿ ಡಿಮ್ 7. ಹಾಗಂತ ಹೇಮವತಿಯ ಆಲಾಪನೆಯ ಕೆಳಗೆ ಅದನ್ನು ಒತ್ತಿದರೆ ರಾಗ ಉಸಿರು ಕಟ್ಟುತ್ತದೆ. ಗಮಕದ, ಅಂದರೆ ಅಲುಗಿಸಿ ಹಾಡುವ ಸ್ವರ ಒಂದು ಮನೆಯಲ್ಲಿ ನಿಲ್ಲುವುದಿಲ್ಲ. ತೋಡಿಯ ಗಾಂಧಾರವನ್ನು ಕೀಬೋರ್ಡಿನಲ್ಲಿ ಯಾವ ಕೀ ಎಂದು ತೋರಿಸುತ್ತೀರಿ? ಅಂಥ ಕಡೆ ಸ-ಪ ಶ್ರುತಿ ಹಿಡಿದು ಸುಮ್ಮನಿರುವುದೇ ವಾದ್ಯಗಾರನ ಮರ್ಯಾದೆ. ಸ್ವರಗಳು ನೆಟ್ಟಗೆ ನಿಲ್ಲುವ ಧಾಟಿ ಇದ್ದರೆ, ಅದೂ ಎರಡು ಸಾಲಿನ ನಡುವಿನ ಬಿಡುವಿನಲ್ಲಿ, ಧೈರ್ಯವಾಗಿ ಹಾಕಿ.

ಇನ್ನು ಶೀಟಿನ ಹೆಸರಿನ ಗೊಂದಲ. ಬರೀ 'ಡಿಮ್' ಎಂದಿದ್ದರೆ ಪುಸ್ತಕದ ಪ್ರಕಾರ ಮೂರೇ ಸ್ವರ, ಏಳನೆಯದು ಇಲ್ಲ. ಆದರೆ ಗಿಟಾರ್ ಶೀಟುಗಳಲ್ಲಿ ಡಿಮ್ ಎಂದು ಬರೆದು ಡಿಮ್ 7 ಎಂದೇ ತಿಳಿದುಕೊಳ್ಳುವುದು ರೂಢಿ. ನಾಲ್ಕನೇ ಸ್ವರ ಸೇರಿಸಿ ನೋಡಿ, ಹಾಡಿನ ಸ್ವರಕ್ಕೆ ತಗುಲಿದರೆ ಬಿಡಿ. ಕೆಲವೊಮ್ಮೆ 'ಸಿ ಡಿಮ್ 7' ಎಂದಿದ್ದು ಮುಂದಿನ ಕಾರ್ಡ್ ಇ ಮೈನರ್ ಆಗಿರುತ್ತದೆ. ಸಿ ಗೂ ಇ ಗೂ ಏನು ಸಂಬಂಧ ಎಂದು ತಲೆ ಕೆಡಿಸಿಕೊಳ್ಳಬೇಡಿ. ಇ ಯ ನಿಷಾದ ಡಿ ಶಾರ್ಪ್, ಅದು ಮೊದಲ ಗುಂಪಿನಲ್ಲೇ ಇದೆ. ಶೀಟು ಬರೆದವರು ಬರೆಯಲು ಸುಲಭವಾದ ಹೆಸರು ಹಾಕಿದ್ದಾರೆ. ನೀವು ಎಡಗೈಯಲ್ಲಿ ಸಿ ಬದಲು ಡಿ ಶಾರ್ಪ್ ಒತ್ತಿ ನೋಡಿ, ಬೇಸ್ ಗಿಟಾರಿನವರು ಇದ್ದರೆ ಅವರಿಗೂ ಅದನ್ನೇ ಹೇಳಿ.